ಎಂಟನೆಯ ಸೀರೆ

ಬೆಟಗೇರಿ
30 ಡಿಸೆಂಬರ್ 2024

ಕೊರ್ಲಹಳ್ಳಿಯ ಸಂಗಪ್ಪನಿಗೆ ಹುಲಿಗೇಶನ ನಮಸ್ಕಾರ.

ಮೊದಲು ಒಟ್ಟು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಉಳಿದ ಮಾತು. ಸೀರೆಯ ಅಂಚಿಗೆಂದು ನೀನು ಕೊಟ್ಟ ಹೊಸ ದಡಿ ಮೂರು. ಅವನ್ನು ಬರೆಯಲು ಗ್ರಾಫ್ ಹಾಳೆ ಇಪ್ಪತ್ತಾರು. ಪತ್ರ ನಿನ್ನವು ಆರು, ನನ್ನವು ಆರು. ಕಡೆಯ ದಡಿಗೆ ಮಗ್ಗಕ್ಕೆ ಹೂಡಿದ ಉದ್ದ ನೂಲಿನ ಹಾಸು ಒಂದು, ಅದರಲ್ಲಿ ಇಳಿದ ಸೀರೆ ಎಂಟು. ಒಂದು ದಿನ ತಡವಾಗಿ ಮುಟ್ಟಿದ ಸೀರೆ ಒಂದು. ನಿನ್ನ ಹೆಂಡತಿ, ನಾನು ಬಾಯಿತುಂಬ ತಂಗಿ ಎಂದು ಕರೆಯುತ್ತಿದ್ದ ಹುಚ್ಚವ್ವ, ಒಬ್ಬಳು.

ತಂಗಿಯ ದಿವಸದ ಕಾರ್ಯಕ್ಕೆ ಬಂದಾಗ ನಾನು ಬಾಯಿ ತೆರೆಯಲಿಲ್ಲ. ಹುಲಿಗೇಶ ಸುಮ್ಮನೆ ಕುಳಿತಿದ್ದಾನೆ ಎಂದರೆ ದುಃಖ ದೊಡ್ಡದೇ ಇರಬೇಕು ಎಂದು ಜನ ಮಾತಾಡಿಕೊಂಡರು. ಖರೆ ಹೇಳಬೇಕೆಂದರೆ ನಾನು ಅಲ್ಲಿ ಲೆಕ್ಕ ಹಾಕುತ್ತಿದ್ದೆ. ಬೆಟಗೇರಿಯಿಂದ ನಿಮ್ಮೂರಿಗೆ ಎರಡು ತಾಸಿನ ದಾರಿ. ಆ ಎರಡು ತಾಸಿನ ದಾರಿಗೆ ನಾವು ಆರು ತಿಂಗಳು ಪತ್ರ ಬರೆದೆವು. ಒಮ್ಮೆಯೂ ನಾನು ಬಸ್ಸು ಹತ್ತಲಿಲ್ಲ.

ನಾನು ಬರೆದ ಪ್ರತಿಯೊಂದರ ನಕಲು ಇಟ್ಟುಕೊಳ್ಳುವವನು, ನಿನಗೆ ಗೊತ್ತು. ನಿನ್ನ ಪತ್ರ ನನ್ನ ಹತ್ತಿರ, ನನ್ನದು ನಿನ್ನ ಹತ್ತಿರ ಇರುವತನಕ ಇಬ್ಬರಿಗೂ ಅರ್ಧವೇ ತಿಳಿದಿರುತ್ತದೆ. ಅದಕ್ಕೇ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಕಳಿಸುತ್ತಿದ್ದೇನೆ. ಒಮ್ಮೆ ಓದು. ಓದಿ, ಒಂದು ಮಾತು ಹೇಳು. ಪುಣೆಯ ಅಂಗಡಿಯವಳು ತಂಗಿಯ ದಡಿಯಲ್ಲೇ ಇನ್ನೂ ನಲವತ್ತು ಸೀರೆ ಕೇಳುತ್ತಿದ್ದಾಳೆ. ನೇಯಲೋ, ಬೇಡವೋ? ಬೇಡ ಎಂದರೆ ಆ ದಡಿಗೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಒಲೆಗೆ ಹಾಕುತ್ತೇನೆ.

ಹುಲಿಗೇಶ

*

ಬೆಟಗೇರಿ
14 ಜೂನ್ 2024

ಸಂಗಪ್ಪನಿಗೆ,

ಮೊಣಕಾಲು ಹೇಗಿವೆ? ಮೂವತ್ತು ವರ್ಷ ಕುಣಿಮಗ್ಗ ತುಳಿದ ಕಾಲಿಗೆ ತುಂಗಭದ್ರೆಯ ಗಾಳಿ ಹಿತವಾಗಿರಬೇಕು. ನೀನು ಮಗ್ಗ ಬಿಟ್ಟು ಮಾವನ ಹೊಲಕ್ಕೆ ಹೋದಾಗ, ಎರಡು ತಿಂಗಳಲ್ಲಿ ಬೇಸತ್ತು ವಾಪಸು ಬರುತ್ತೀ ಎಂದು ಪಣ ಕಟ್ಟಿದ್ದೆ. ಎರಡು ವರ್ಷವಾಯಿತು. ಸೋತೆ.

ಈಗ ಕೆಲಸದ ಮಾತು. ಪುಣೆಯಿಂದ ಸೀಮಾ ಎಂಬ ಅಂಗಡಿಯವಳು ಬಂದಿದ್ದಳು. ನಮ್ಮ ದಡಿಗಳನ್ನೆಲ್ಲ ಹರವಿದೆ: ತೇರು, ಆನೆ, ಹಂಸ, ಗೋಪುರ. ಆಕೆ ಆಕಳಿಸಿದಳು. "ಇವು ಎಲ್ಲಾ ಕಡೆ ಸಿಗುತ್ತವೆ. ನಿಮ್ಮ ಊರಿನ ದಿನದಿನದ ಬದುಕಿನಿಂದ ಬಂದ ಪ್ರೇರಣೆ ಬೇಕು" ಎಂದಳು. ಪ್ರೇರಣೆ ಎಂದರೆ ಯಾವ ನಂಬರಿನ ನೂಲು ಎಂದು ಕೇಳಬೇಕೆಂದಿದ್ದೆ, ಗಿರಾಕಿ ದೊಡ್ಡದು ಎಂದು ಬಾಯಿ ಮುಚ್ಚಿಕೊಂಡೆ. ನನ್ನ ಹತ್ತಿರ ಈಗ ಹನ್ನೆರಡು ಮಗ್ಗ ಇವೆ, ಏಳು ಮಾತ್ರ ಆಡುತ್ತಿವೆ. ಹೊಸ ದಡಿ ಬೇಕೇ ಬೇಕು. ನನಗೆ ಮಾರಲು ಬರುತ್ತದೆ, ಬರೆಯಲು ಬರುವುದಿಲ್ಲ. ಬರೆಯುವವನು ನೀನು.

ಫೋನು ಮಾಡಬಹುದಿತ್ತು. ಮಾಡಿದರೆ ನಾನು ಮಾತಾಡುತ್ತೇನೆ, ನೀನು ಹ್ಞೂಂ ಅನ್ನುತ್ತೀ, ಇಟ್ಟ ಮೇಲೆ ನಿನ್ನ ಮನಸ್ಸಿನಲ್ಲಿ ಏನಿತ್ತೆಂದು ದೇವರಿಗೂ ತಿಳಿಯುವುದಿಲ್ಲ. ಮೇಲಾಗಿ ಫೋನಿನ ಗಾಜಿನ ಮೇಲೆ ಬಣ್ಣ ಸುಳ್ಳು ಹೇಳುತ್ತದೆ. ಹಾಳೆಯ ಮೇಲೆ ಬರೆ, ನೂಲಿನ ತುಣುಕು ಅಂಟಿಸು, ಜೊತೆಗೆ ಎರಡು ಸಾಲು ಕಾಗದ ಬರೆ. ಬಸ್ಸಿನ ಕಂಡಕ್ಟರ್ ಭೀಮೇಶನ ಕೈಯಲ್ಲಿ ಕೊಟ್ಟರೆ ಮರುದಿನ ನನಗೆ ಮುಟ್ಟುತ್ತದೆ.

ತಂಗಿಗೆ ಕೇಳಿದೆನೆಂದು ಹೇಳು.

ಹುಲಿಗೇಶ

*

ಕೊರ್ಲಹಳ್ಳಿ
29 ಜೂನ್ 2024

ಹುಲಿಗೇಶನಿಗೆ,

ಹಾಳೆ ಎಂಟು ಇವೆ. ಹೊಳೆಯ ಉಸುಕಿನ ಮೇಲಿನ ಹಕ್ಕಿ ಹೆಜ್ಜೆ. ಬಟ್ಟೆ ಒಗೆಯಲು ಹೋದ ಹುಚ್ಚವ್ವ ಅಲ್ಲಿಂದಲೇ ಕೂಗಿದಳು. "ಬರ್ರಿ ಇಲ್ಲೆ, ಯಾರೋ ಉಸುಕಿನಾಗ ಬರದು ಹೋಗ್ಯಾರ." ಹೋಗಿ ನೋಡಿದೆ.

ಒಂದು ಹೆಜ್ಜೆ ಆಳ, ಒಂದು ಹಗುರ. ಹಕ್ಕಿ ಕುಂಟಿರಬೇಕು. ಅದಕ್ಕೇ ಒಂದು ಬಿಟ್ಟು ಒಂದರಲ್ಲಿ ಎರಡು ಎಳೆ ಕಡಿಮೆ ಹಾಕಿದ್ದೇನೆ. ತಪ್ಪಲ್ಲ. ತಿದ್ದಬೇಡ.

ಸಂಗಪ್ಪ

*

ಬೆಟಗೇರಿ
8 ಜುಲೈ 2024

ಸಂಗಪ್ಪನಿಗೆ,

ನೀನು ತಿದ್ದಬೇಡ ಎಂದು ಬರೆಯದಿದ್ದರೆ ತಿದ್ದಿಯೇ ಬಿಡುತ್ತಿದ್ದರು. ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತ ನಮ್ಮ ನೇಕಾರ ರಹಮಾನಸಾಬ ತಲೆ ಕೆರೆದುಕೊಂಡ. "ಸಾವ್ಕಾರ್ರ, ಸಂಗಪ್ಪಣ್ಣ ಎಣಿಕಿ ತಪ್ಯಾನ್ರಿ. ವಯಸ್ಸಾತು ಅವಗ." ನಾನು, "ಲೇ, ಹಕ್ಕಿಗೆ ವಯಸ್ಸಾಗೈತಿ, ಅವಗಲ್ಲ, ಹೊಡಿ ತೂತು" ಎಂದೆ.

ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ಸೀಮಾ ಕೈಯಲ್ಲಿ ಹಿಡಿದು ದಡಿಯ ಮೇಲೆ ಬೆರಳು ಎಳೆಯುತ್ತ ನಿಂತಳು. "ಇದು ನಡೀತಾ ಇದೆ" ಎಂದಳು. ನಿಂತ ಗಿರಾಕಿಯನ್ನು ಮಾತಾಡಿಸಬಾರದು, ಅದು ನನ್ನ ಮೂವತ್ತು ವರ್ಷದ ಪಾಠ. ಇನ್ನೊಂದು ದಡಿ ಕೇಳಿದ್ದಾಳೆ. ಎಲ್ಲಿಂದ ಹೊಳೆಯುತ್ತದೆ ನಿನಗೆ ಇದೆಲ್ಲ? ಪುಸ್ತಕ ಏನಾದರೂ ಇಟ್ಟುಕೊಂಡಿದ್ದೀಯೋ? ಇದ್ದರೆ ನನಗೂ ಒಂದು ಕಳಿಸು.

ಜಲ್ದಿ ಬರೆ. ತಂಗಿಗೆ ಕೇಳಿದೆನೆಂದು ಹೇಳು.

ಹುಲಿಗೇಶ

*

ಕೊರ್ಲಹಳ್ಳಿ
24 ಜುಲೈ 2024

ಹುಲಿಗೇಶನಿಗೆ,

ತಡವಾಯಿತು. ನಾಲ್ಕು ದಿನ ಹುಬ್ಬಳ್ಳಿಗೆ ಹೋಗಿದ್ದೆವು, ನಾನು ಮತ್ತು ಹುಚ್ಚವ್ವ.

ಪುಸ್ತಕ ಇಲ್ಲ. ನೋಡುವವಳು ಆಕೆ. ನಾನು ಬರೀ ಚೌಕ ಎಣಿಸುವವನು. ಬೆಟಗೇರಿಯಲ್ಲಿದ್ದಾಗಲೂ ಹೀಗೇ ಇತ್ತು, ಆಗ ನನಗೇ ಗೊತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕುಳಿತವನಿಗೆ ಎದುರಿನ ನೂಲು ಬಿಟ್ಟು ಏನೂ ಕಾಣುವುದಿಲ್ಲ. ಊಟ ತಂದಾಗ ಆಕೆ ಹೊರಗಿನದು ಒಂದೊಂದು ಹೇಳುತ್ತಿದ್ದಳು. ನೆಲಕ್ಕೆ ಬಿದ್ದ ಬೇವಿನ ಹೂವು ಹೇಗೆ ಕೂತಿತ್ತು, ಸೋರುವ ನಳದ ಕೆಳಗೆ ಕಲ್ಲು ಎಷ್ಟು ಸವೆದಿತ್ತು. ನಾನು ಹ್ಞೂಂ ಅನ್ನುತ್ತಿದ್ದೆ. ಆಮೇಲೆ ಅದೇ ದಡಿಯಲ್ಲಿ ಬರುತ್ತಿತ್ತು. ಎಲ್ಲರೂ ಸಂಗಪ್ಪನ ಕೈ ಎಂದರು.

ಮುಂದಿನದು ಬರೆಯುತ್ತಿದ್ದೇನೆ.

ಸಂಗಪ್ಪ

*

ಕೊರ್ಲಹಳ್ಳಿ
20 ಆಗಸ್ಟ್ 2024

ಹುಲಿಗೇಶನಿಗೆ,

ಹಾಳೆ ಎಂಟು. ಎರಡು ಸಾಲು ಬೆಳ್ಳಿ ಚುಕ್ಕಿ. ಒಂದು ತುಂಬಿದ್ದು, ಒಂದು ಹರಿದು ಬರಿದಾದದ್ದು, ಹೀಗೆ. ಬರಿದಾದದ್ದರ ಅಂಚು ಸ್ವಲ್ಪ ಮೇಲೆದ್ದಿರುತ್ತದೆ. ಸೆರಗಿನ ಕಡೆಗೆ ಹೋಗುತ್ತ ತುಂಬಿದ್ದು ಕಡಿಮೆಯಾಗುತ್ತ ಬರಲಿ.

ಬೂದಿ ಬಣ್ಣದ ಒಡಲು. ನೂಲು ಅಂಟಿಸಿದ್ದೇನೆ.

ಸಂಗಪ್ಪ

*

ಬೆಟಗೇರಿ
28 ಆಗಸ್ಟ್ 2024

ಸಂಗಪ್ಪನಿಗೆ,

ಶಾಭಾಸ್! ಈ ವಯಸ್ಸಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿ ತಿರುಗಿದ್ದರ ಫಲ ಇದೇ ಏನೋ. ಅಲ್ಲಿನ ದೀಪಗಳೋ, ಬೆಳ್ಳಿ ಅಂಗಡಿಯ ಗೆಜ್ಜೆಯೋ? ಸೀಮಾಗೆ ಇದು ನಕ್ಷತ್ರ ಎಂದು ಹೇಳಿ ಮಾರಿದ್ದೇನೆ. ಬೆಳಗಾಗುತ್ತ ಒಂದೊಂದೇ ನಕ್ಷತ್ರ ಆರುತ್ತದೆ, ಹಾಗೆ ಸೆರಗು ಎಂದೆ. ಆಕೆಯ ಕಣ್ಣಲ್ಲಿ ನೀರು ಬಂತು. ನನ್ನ ಬಾಯಿಗೆ ನಾನೇ ಕೈ ಮುಗಿದೆ.

ನಗುವ ಸಂಗತಿ ಒಂದು ಹೇಳುತ್ತೇನೆ. ರಹಮಾನಸಾಬ ನಿನ್ನ ಹಾಳೆ ನೋಡಿ, "ಸಾವ್ಕಾರ್ರ, ಇದು ಚುಕ್ಕಿ ಅಲ್ರೀ. ಗುಳಗಿ ಪಟ್ಟಿ ಐತಿ. ನಮ್ಮ ಖೈರುನಬಿ ಸಕ್ಕರಿ ಬ್ಯಾನಿಗೆ ತಿಂದು ಒಗಿತಾಳಲ್ಲ, ಥೇಟ್ ಹಂಗ" ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹೆಂಡತಿ ಗುಳಗಿ ನೋಡಿ ನೋಡಿ ನಿನಗೆ ಆಕಾಶದಾಗೂ ಗುಳಗಿ ಕಾಣಾಕ ಹತ್ಯಾವಲೇ" ಎಂದೆ. ಆತ ನಗಲಿಲ್ಲ. ಅವನಿಗೆ ಹಾಸ್ಯ ತಿಳಿಯುವುದಿಲ್ಲ.

ಒಂಬತ್ತು ಮಗ್ಗ ಆಡುತ್ತಿವೆ. ಇನ್ನೊಂದು ದಡಿ ಕೊಟ್ಟರೆ ಹನ್ನೆರಡೂ ಆಡುತ್ತವೆ. ತಂಗಿಗೆ ಕೇಳಿದೆನೆಂದು ಹೇಳು.

ಹುಲಿಗೇಶ

*

ಕೊರ್ಲಹಳ್ಳಿ
22 ಸೆಪ್ಟೆಂಬರ್ 2024

ಹುಲಿಗೇಶನಿಗೆ,

ಹಾಳೆ ಹತ್ತು. ಇದು ನಾನು ಬರೆದದ್ದಲ್ಲ, ಹುಚ್ಚವ್ವ ಬರೆದದ್ದು.

ಈಗ ರೊಟ್ಟಿ ನಾನೇ ಬಡಿಯುತ್ತೇನೆ. ಹಿಟ್ಟು ಹರಿಯುತ್ತದೆ. ಮೊನ್ನೆ ಆಕೆ ನನ್ನ ಪಾಡು ನೋಡಿ ನಕ್ಕು, ಹಾಸಿಗೆಯ ಹತ್ತಿರ ಹಿಟ್ಟು ತಟ್ಟುವ ಪರಾತ ತರಿಸಿಕೊಂಡಳು. "ಹಿಂಗಲ್ರೀ, ಹಿಂಗ" ಎಂದು ಒಂದು ರೊಟ್ಟಿ ತಟ್ಟಿ ತೋರಿಸಿದಳು. ಅರ್ಧಕ್ಕೆ ಕೈ ಸೋತು ನಿಲ್ಲಿಸಿದಳು. ಹಿಟ್ಟಿನ ಮೇಲೆ ನಾಲ್ಕು ಬೆರಳು ಮೂಡಿದ್ದವು, ನಾಲ್ಕು ನಾಲ್ಕಾಗಿ ಸುತ್ತ ತಿರುಗಿ, ಅರ್ಧದಲ್ಲಿ ನಿಂತು. ಇಬ್ಬರೂ ಒಟ್ಟಿಗೆ ನೋಡಿದೆವು. "ಇದು ದಡಿ ಆಕ್ಕೈತಿ" ಎಂದಳು. ಅದರ ಮೇಲೆ ತೆಳ್ಳನೆಯ ಕಾಗದ ಹಿಡಿದು ಬರೆದುಕೊಂಡೆ. ಆ ರೊಟ್ಟಿಯನ್ನು ಬೇಯಿಸಲಿಲ್ಲ.

ಬಣ್ಣವೂ ಆಕೆಯದೇ. ಹಸಿರು ಒಡಲು, ಬೆರಳು ಜೋಳದ ಹಿಟ್ಟಿನ ಬಿಳುಪು.

ಇದರದು ಒಂದು ಸೀರೆ ಆಕೆಗೂ ಇರಲಿ.

ಸಂಗಪ್ಪ

*

ಬೆಟಗೇರಿ
1 ಅಕ್ಟೋಬರ್ 2024

ಸಂಗಪ್ಪನಿಗೆ,

ಎಲ್ಲರಿಗಿಂತ ಚಲೋ ದಡಿ ಬರೆಯುವ ನಕಾಶೆಗಾರ್ತಿ ನಿನ್ನ ಮನೆಯಲ್ಲಿದ್ದಾಳೆ, ನೀನು ಆಕೆಯ ಗುಮಾಸ್ತ ಎಂದು ಈಗ ಒಪ್ಪಿಕೋ. ರೊಟ್ಟಿ ಬಡಿಯಲು ಕೂತಿದ್ದೀ ಎಂದು ಓದಿ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ತಂಗಿ ಹಾಸಿಗೆಯ ಮೇಲೆ ಕುಳಿತು ಹುಕುಂ ಮಾಡುತ್ತಾಳೆ, ಸಂಗಪ್ಪ ಪರಾತದ ಮುಂದೆ! ಚಲೋ ಆಯಿತು. ಮೂವತ್ತು ವರ್ಷ ನಿನಗೆ ಬುತ್ತಿ ಹೊತ್ತವಳು ಈಗ ಕೂತು ಉಣ್ಣಲಿ.

ಆಕೆಗೆ ಸೀರೆ ಇರಲಿ ಎಂದು ಬರೆದಿದ್ದೀಯಲ್ಲ, ಅದನ್ನು ಹೇಳಬೇಕೇ? ಎಂಟು ಸೀರೆಯ ಹಾಸು ಹೂಡಿಸುತ್ತಿದ್ದೇನೆ. ಮೊದಲ ಏಳು ಪುಣೆಗೆ. ಎಂಟನೆಯದು ತಂಗಿಗೆ. ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದೇ ಹಾಗೆ: ಹಾಸಿನ ಮೊದಲ ಸೀರೆ ಅಂಗಡಿಗೆ, ಕಡೆಯದು ಮನೆಗೆ. ಕಡೆಯ ಸೀರೆಯ ನೂಲಿಗೇ ಮುಂದಿನ ಹಾಸನ್ನು ಗಂಟು ಹಾಕುವುದು, ಹಾಗೆಯೇ ಮನೆಯೂ ಮುಂದುವರಿಯಲಿ ಎಂದು. ನಿನಗೆ ಹೇಳಿಕೊಡುವುದೇನು, ನಿನ್ನ ಮದುವೆಯ ಸೀರೆಯೂ ಒಂದು ಹಾಸಿನ ಕಡೆಯದೇ.

ಐದನೆಯ ತಾರೀಖಿಗೆ ಮಗ್ಗ ಹೂಡುತ್ತೇವೆ. ಸೀರೆಗೆ ನಾಲ್ಕು ದಿನ. ನಡುವೆ ಹಬ್ಬಗಳಿವೆ. ದೀಪಾವಳಿ ಮುಗಿದು ವಾರದೊಳಗೆ ಮುಟ್ಟುತ್ತದೆ.

ಹುಲಿಗೇಶ

*

ಕೊರ್ಲಹಳ್ಳಿ
19 ಅಕ್ಟೋಬರ್ 2024

ಹುಲಿಗೇಶನಿಗೆ,

ಎಷ್ಟು ಸೀರೆ ಇಳಿದವು? ಹುಚ್ಚವ್ವ ಕೇಳುತ್ತಾಳೆ.

ಸಂಗಪ್ಪ

*

ಬೆಟಗೇರಿ
25 ಅಕ್ಟೋಬರ್ 2024

ಸಂಗಪ್ಪನಿಗೆ,

ನಾಲ್ಕು ಇಳಿದವು. ನಾಲ್ಕೂ ಪುಣೆಗೆ ಹೋದವು. ಮೂವತ್ತು ವರ್ಷದಲ್ಲಿ ನೀನು ನನ್ನನ್ನು ಕೆಲಸ ಎಷ್ಟಾಯಿತು ಎಂದು ಕೇಳಿದ್ದು ಇದೇ ಮೊದಲು. ನಿನ್ನ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಡಬೇಕೆಂದಿದ್ದೇನೆ!

ತಂಗಿಗೆ ಹೇಳು, ಸೀರೆಗೆ ಅವಸರ ಮಾಡುವುದು ಮದುವಣಗಿತ್ತಿಯ ಲಕ್ಷಣ. ಅಣ್ಣ ಮರೆತಿಲ್ಲ. ಇನ್ನು ಮೂರು ಇಳಿದರೆ ಆಕೆಯದೇ ಪಾಳಿ.

ಹುಲಿಗೇಶ

*

ಬೆಟಗೇರಿ
12 ನವೆಂಬರ್ 2024

ತಂಗಿ ಹುಚ್ಚವ್ವನಿಗೆ,

ಈ ಸಲ ನಿನಗೇ ಬರೆಯುತ್ತಿದ್ದೇನೆ, ಸಂಗಪ್ಪನಿಗೆ ಅಲ್ಲ. ನಿನ್ನೆ ಸಂಜೆ ಸೀರೆ ಇಳಿಯಿತು. ರಹಮಾನಸಾಬ ಕಡೆಯ ನಾಲ್ಕು ಬೆರಳನ್ನು ನೇಯುವಾಗ ಮಗ್ಗದ ಸುತ್ತ ಎಲ್ಲರೂ ನಿಂತಿದ್ದೆವು. ಏಳು ಸೀರೆಯನ್ನು ನೋಡಿದ ಕಣ್ಣಿಗೆ ಎಂಟನೆಯದು ಬೇರೆಯೇ ಕಂಡಿತು. ಪುಣೆಯವು ಸರಕು. ಇದು ಸೀರೆ.

ಗಂಟಿನಲ್ಲಿ ಒಂದು ಡಜನ್ ಹಸಿರು ಬಳೆ, ಅರಿಷಿಣ ಕುಂಕುಮ, ಐದು ಅಚ್ಚು ಬೆಲ್ಲ ಇಟ್ಟಿದ್ದೇನೆ. ನಿನಗೆ ಒಡಹುಟ್ಟಿದವರಿಲ್ಲ. ಇದನ್ನು ತವರಿನ ಸೀರೆ ಎಂದು ತಿಳಿ. ಉಟ್ಟುಕೊಂಡು ಒಂದು ಫೋಟೋ ತೆಗೆಸು. ಸಂಗಪ್ಪನಿಗೆ ತೆಗೆಯಲು ಬರುವುದಿಲ್ಲ, ಬೇರೆಯವರಿಗೆ ಹೇಳು.

ನಿನ್ನ ಅಣ್ಣ ಹುಲಿಗೇಶ

*

ಕೊರ್ಲಹಳ್ಳಿ
14 ನವೆಂಬರ್ 2024

ಹುಲಿಗೇಶನಿಗೆ,

ಹುಚ್ಚವ್ವ ಹನ್ನೆರಡನೆಯ ತಾರೀಖು ಬೆಳಿಗ್ಗೆ ಹೋದಳು. ಹೊಟ್ಟೆಯಲ್ಲಿ ಗಡ್ಡೆ ಇತ್ತು. ಹುಬ್ಬಳ್ಳಿಯಲ್ಲಿ ಜುಲೈ ತಿಂಗಳಲ್ಲೇ ಹೇಳಿದ್ದರು, ದೀಪಾವಳಿ ಕಂಡರೆ ಹೆಚ್ಚು ಎಂದು.

ನಿನಗೆ ಹೇಳಬೇಡ ಎಂದು ಆಣೆ ಹಾಕಿಸಿದ್ದಳು. "ಅಣ್ಣಗ ತಿಳಿದ್ರ ದವಾಖಾನಿ ಬಾಗಲದಾಗ ಕುಂತು ಡಾಕ್ಟರಗೂ ಬುದ್ಧಿ ಹೇಳ್ತಾನ. ಬ್ಯಾಡ. ಅವನು ನಕ್ಕೋಂತ ಬರಿಯೋದು ನನಗ ಬೇಕು." ನಿನ್ನ ಪತ್ರಗಳನ್ನು ಓದಿಸಿಕೊಂಡು ಕೇಳುತ್ತಿದ್ದಳು.

ತವರಿನ ಸೀರೆ ಉಡಿಸಿ ಕಳಿಸಬೇಕು ಎಂದರು ಹಿರಿಯರು. ತವರಿನಲ್ಲಿ ಯಾರಿದ್ದಾರೆ? ಪಕ್ಕದ ಮನೆಯ ರೋಜಾ ಮುಂಡರಗಿಗೆ ಹೋಗಿ ಒಂದು ತಂದಳು. ಮಿಲ್ಲಿನದು. ಹೂವು ನೇಯ್ದದ್ದಲ್ಲ, ಅಚ್ಚು ಒತ್ತಿದ್ದು. ಮೈಗೆ ಸುತ್ತುವಾಗ ಕೈಯಿಂದ ಜಾರುತ್ತಿತ್ತು. ಅದರಲ್ಲೇ ಮಣ್ಣು ಕೊಟ್ಟೆವು.

ಭೀಮೇಶ ನಿನ್ನ ಗಂಟು ತಂದದ್ದು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ.

ಸಂಗಪ್ಪ

*

ಕೊರ್ಲಹಳ್ಳಿ
11 ಜನವರಿ 2025

ಹುಲಿಗೇಶನಿಗೆ,

ನೀನು ಜೋಡಿಸಿ ಕಳಿಸಿದ್ದನ್ನು ಎರಡು ಸಲ ಓದಿದೆ. ಅದರಲ್ಲಿ ಇಲ್ಲದ ಪತ್ರ ಒಂದು ಇದೆ. ಅಕ್ಟೋಬರ್ ಐದಕ್ಕೆ ಬರೆದದ್ದು. "ಎಂಟನೆಯದು ಬೇಡ, ಮೊದಲನೆಯದು ಕೊಡು, ಕಾರಣ ಕೇಳಬೇಡ" ಎಂದು ಬರೆದಿದ್ದೆ. ಅಷ್ಟೇ ಇತ್ತು. ಭೀಮೇಶನ ಬಸ್ಸು ಬರುವತನಕ ಕೈಯಲ್ಲಿ ಹಿಡಿದುಕೊಂಡು ನಿಂತೆ. ಬಸ್ಸು ಬಂತು. ಕೊಡಲಿಲ್ಲ. ನಾನು ಯಾರನ್ನೂ ಏನೂ ಕೇಳಿದವನಲ್ಲ ಎಂದು ನನಗೆ ಸೊಕ್ಕು. ಮೊದಲ ಸೀರೆ ಅಂಗಡಿಯದು ಎಂಬ ಪದ್ಧತಿಯನ್ನು ನಾನೂ ಮೂವತ್ತು ವರ್ಷ ನಡೆಸಿದ್ದೇನೆ. ಸ್ವಂತ ಹೆಂಡತಿಗಾಗಿ ಅದನ್ನು ಮುರಿ ಎನ್ನಲು ನಾಲಿಗೆ ಬರಲಿಲ್ಲ. ನೀನು ನಿನ್ನ ಖರ್ಚಿನಲ್ಲಿ ಇದನ್ನು ಹಿಡಿದಿಲ್ಲ. ಹಿಡಿ. ಇದು ನನ್ನ ಹೆಸರಿಗೆ.

ಅಕ್ಟೋಬರ್ ಹತ್ತೊಂಬತ್ತಕ್ಕೆ ಕೇಳಿದೆನಲ್ಲ, ಎಷ್ಟು ಇಳಿದವು ಎಂದು. ಆ ದಿನ ಆಕೆ ಬೆರಳಿನಲ್ಲಿ ಎಣಿಸಿ ತೋರಿಸಿದ್ದಳು, ತನಗೆ ಇನ್ನೆಷ್ಟು ದಿನ ಎಂದು. ನೀನು ಮದುವಣಗಿತ್ತಿ ಎಂದು ಬರೆದದ್ದನ್ನು ಓದಿ ಹೇಳಿದೆ. ನಕ್ಕಳು. ಅದು ಸುಳ್ಳು ನಗೆಯಲ್ಲ. ಅದನ್ನೂ ಲೆಕ್ಕದಲ್ಲಿ ಹಿಡಿ, ನಿನ್ನ ಕಡೆಗೆ.

ಎಂಟನೆಯ ಸೀರೆಯನ್ನು ರೋಜಾಗೆ ಕೊಟ್ಟೆ. ಕಡೆಯ ತಿಂಗಳು ಆಕೆಯೇ ಹುಚ್ಚವ್ವನ ಮೈ ತೊಳೆದದ್ದು. ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಇಲ್ಲ, ಹೊಲಕ್ಕೇ ಉಟ್ಟು ಹೋಗುತ್ತಾಳೆ. ಜೋಳದ ಸಾಲಿನಲ್ಲಿ ಬಗ್ಗಿ ಕಸ ತೆಗೆಯುವಾಗ ದಡಿಗೆಲ್ಲ ಮಣ್ಣು. ಮೊದಲ ದಿನ ಎದ್ದು ಮನೆಯೊಳಗೆ ಬಂದುಬಿಟ್ಟೆ. ಈಗ ಕಟ್ಟೆಯ ಮೇಲೆ ಕುಳಿತು ನೋಡುತ್ತೇನೆ.

ನಲವತ್ತು ಸೀರೆ ನೇಯಿಸು. ರಹಮಾನಸಾಬನ ಮನೆಯಲ್ಲಿ ಒಲೆ ಉರಿಯಬೇಕು. ನನ್ನನ್ನು ಮಾತ್ರ ಇನ್ನು ದಡಿ ಕೇಳಬೇಡ. ಹಾಳೆ ಹರವಿಕೊಂಡು ಕೂತಿದ್ದೆ, ಒಂದು ವಾರ. ಹೊಳೆಗೂ ಹೋಗಿ ಬಂದೆ. ಉಸುಕಿನ ಮೇಲೆ ಹಕ್ಕಿ ಓಡಾಡಿದ್ದವು. ಹೆಜ್ಜೆ ಇದ್ದವು. ಹೆಜ್ಜೆ, ಅಷ್ಟೇ. "ಬರ್ರಿ ಇಲ್ಲೆ" ಅನ್ನುವವರು ಇಲ್ಲ.

ಸಂಗಪ್ಪ

*

ಬೆಟಗೇರಿ
20 ಜನವರಿ 2025

ಸಂಗಪ್ಪನಿಗೆ,

ದಡಿ ಕೇಳುವುದಿಲ್ಲ.

ಹಾಸು ಹೂಡಿದ್ದೇನೆ. ತಂಗಿಯ ಹೆಸರು ಉಳಿಯಲಿ ಎಂದು ನೇಯುತ್ತಿದ್ದೇನೆ ಎಂದು ಸೀಮಾಗೆ ಹೇಳಬಹುದು, ಆಕೆ ಅತ್ತು ಇನ್ನೂ ಹತ್ತು ಹೆಚ್ಚಿಗೆ ತೆಗೆದುಕೊಳ್ಳಬಹುದು. ಬಾಯಿತನಕ ಬಂದಿತ್ತು. ಹೇಳಲಿಲ್ಲ. ನಾನು ನೇಯಿಸುತ್ತಿರುವುದು ವ್ಯಾಪಾರಕ್ಕೆ. ನಿನ್ನ ಮುಂದೆ ಸುಳ್ಳು ಬೇಡ.

ಒಂದು ಸಂಗತಿ ನಿನಗೆ ತಿಳಿದಿರಲಿ. ನಿನ್ನ ಬೆಳ್ಳಿ ಚುಕ್ಕಿ ಗುಳಿಗೆ ಪಟ್ಟಿ ಎಂದು ಸರಿಯಾಗಿ ಕಂಡವನು ರಹಮಾನಸಾಬ ಒಬ್ಬನೇ. ಮೊನ್ನೆ ಅವನನ್ನು ಕೇಳಿದೆ, "ಅವತ್ತು ಯಾಕ ಇನ್ನೊಮ್ಮೆ ಹೇಳಲಿಲ್ಲೋ?" "ನೀವು ನಗಾಕತ್ತಿದ್ರಿ, ಸಾವ್ಕಾರ್ರ. ನಗೋ ಮನಷಾಗ ಎರಡು ಸಲ ಹೇಳಾಕ ಬರಂಗಿಲ್ರೀ" ಎಂದ. ಸಣ್ಣ ಮಾತು. ನನ್ನ ಜನ್ಮದ ಲೆಕ್ಕ ಅದರಲ್ಲೇ ಮುಗಿಯಿತು. ಮಾತಾಡಿ ಮಾತಾಡಿ ಹನ್ನೆರಡು ಮಗ್ಗ ಕಟ್ಟಿದೆ. ನನ್ನ ಎದುರಿಗೆ ಯಾರಾದರೂ ಎರಡನೆಯ ಸಲ ಹೇಳಿದ್ದು ನೆನಪಿಲ್ಲ. ತಂಗಿಗೆ ಕೇಳಿದೆನೆಂದು ಹೇಳು ಎಂದು ಮೂರು ಸಲ ಬರೆದೆ. ಏನು ಕೇಳಿದೆ? ಯಾವಾಗ ಕೇಳಿದೆ?

ಮೊದಲ ಸೀರೆ ಅಕ್ಟೋಬರ್ ಎಂಟಕ್ಕೆ ಇಳಿದಿತ್ತು. ಆಕೆ ಹೋಗುವುದಕ್ಕೆ ಮೂವತ್ತೈದು ದಿನ ಮೊದಲು. ಅದನ್ನು ನಾನೇ ಮಡಿಸಿ ಪುಣೆಯ ಪೆಟ್ಟಿಗೆಗೆ ಹಾಕಿದೆ.

ಪದ್ಧತಿ ಬದಲಿಸುತ್ತೇನೆ ಎಂದು ಆಣೆ ಮಾಡಲು ಹೊರಟಿದ್ದೆ, ಇನ್ನು ಮೇಲೆ ಮೊದಲನೆಯದೇ ಮನೆಗೆ ಎಂದು. ಆಮೇಲೆ ಯೋಚಿಸಿದೆ. ಯಾರ ಮನೆಗೆ? ಅಲ್ಲಿಗೆ ಬಿಟ್ಟೆ.

ನಿನ್ನ ಗ್ರಾಫ್ ಹಾಳೆ ಇಪ್ಪತ್ತಾರೂ ಈ ಪತ್ರದ ಹಿಂದೆಯೇ ವಾಪಸು ಬರುತ್ತಿವೆ. ತರುವವನು ಭೀಮೇಶ ಅಲ್ಲ, ನಾನು. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ರೊಟ್ಟಿ ನೀನೇ ಬಡಿ, ಹರಿದರೂ ಉಣ್ಣುತ್ತೇನೆ. ಮಾತಾಡುವುದಿಲ್ಲ.

ತಂಗಿಯ ದಡಿಯಿಂದ ಯಾರಿಗೆ ಏನು ಬಂತು ಎಂಬುದು ಹೀಗಿದೆ.

ಸೀಮಾಳಿಗೆ ಏಳು ಸೀರೆ, ಇನ್ನು ನಲವತ್ತು.

ರಹಮಾನಸಾಬನಿಗೆ ಐದು ಹಾಸಿನ ಕೆಲಸ.

ರೋಜಾಗೆ ಹೊಲಕ್ಕೆ ಉಡಲು ಒಂದು ಸೀರೆ.

ನನಗೆ ನಲವತ್ತೇಳು ಸೀರೆಯ ಲಾಭ, ಆಡುವ ಮಗ್ಗ ಹನ್ನೆರಡು.

ನಿನಗೆ ಒಂದು ನಗೆ, ಅಕ್ಟೋಬರ್ ಕಡೆಯ ವಾರದ್ದು.

ಹುಚ್ಚವ್ವನಿಗೆ ಏನೂ ಇಲ್ಲ.

ಹುಲಿಗೇಶ